ಮಿದುಳಿನ ರಕ್ತ, ಮನಸ್ಸಿನ ಬೇನೆ

(ಔರಾದ ತಾಲೂಕಿನ ಚಿಂತಾಕಿಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸಲ ಇದೇ ಕಟ್ಟೆಯ ಮೇಲೆ ನಿಂತು ಹಮಾಲಿ ದರದ ವಿಷಯ ಮಾತನಾಡಿ ಕೆಳಗಿಳಿದಾಗ ಒಬ್ಬ ವಯಸ್ಸಾದ ತಾಯಿ ನನ್ನನ್ನು ತಡೆದು ನಿಲ್ಲಿಸಿದಳು. ಆಕೆಯ ಮಗ ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದವನು. ಎಂಟು ತಿಂಗಳಿಂದ ಕೆಲಸ ಬಿಟ್ಟು ಮನೆಯ ಮೂಲೆ ಹಿಡಿದು ಕುಳಿತಿದ್ದಾನೆ. ಒಬ್ಬನೇ ಮಾತನಾಡುತ್ತಾನೆ, ರಾತ್ರಿ ನಿದ್ದೆಯಿಲ್ಲ. ದೇವರಿಗೆ ಹರಕೆ ಹೊತ್ತದ್ದಾಯಿತು, ದರ್ಗಾಕ್ಕೆ ಹೋಗಿ ಬಂದದ್ದಾಯಿತು, ತಾಯಿತ ಕಟ್ಟಿಸಿದ್ದೂ ಆಯಿತು. ಆಕೆ ಕೇಳಿದ ಪ್ರಶ್ನೆ ಇದು: "ಮಾಸ್ತರ್ರೀ, ಪಟ್ಟಣದಾಗ ತಲಿ ಫೋಟೋ ತೆಗೀತಾರಂತ. ಅದರಾಗ ಹುಚ್ಚು ಕಾಣಸ್ತದೇನ್ರಿ? ಕಾಣಸ್ತದಂದ್ರ ಎಮ್ಮಿ ಮಾರ್ತೀನಿ."

ನಮ್ಮ ಕಡೆಯ ಬಡವರ ಮನೆಯಲ್ಲಿ ಒಂದು ಎಮ್ಮೆಯೆಂದರೆ ಏನು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದುದರಿಂದ ಇಂತಹ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡಬಾರದು. "ಓದಿ, ತಿಳಿದವರನ್ನು ಕೇಳಿ, ಮುಂದಿನ ಸಲ ಎಲ್ಲರ ಎದುರಿಗೇ ಹೇಳ್ತೀನವ್ವಾ, ಅಲ್ಲೀತನಕ ಎಮ್ಮಿ ಮಾರಬ್ಯಾಡ" ಎಂದು ಹೇಳಿ ಹೋದೆ. ಇಂದು ಆ ಮಾತನ್ನು ಸಲ್ಲಿಸಲು ನಿಂತಿದ್ದೇನೆ. ನಾನು ವೈದ್ಯನಲ್ಲ. ಮ್ಯಾಟ್ರಿಕ್ ಪಾಸಾಗಿ ಕೆಲವು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವನು. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದಷ್ಟೇ ನನ್ನ ಹಳೆಯ ಕಸುಬು.

ಈ ಪ್ರಶ್ನೆ ನನ್ನ ಮನೆಯ ಪ್ರಶ್ನೆಯೂ ಹೌದು. ನಾಚಿಕೆಯಾದರೂ ಅದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ತಮ್ಮ ಒಂದು ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಇಪ್ಪತ್ತಮೂರರ ಪ್ರಾಯದಲ್ಲಿ ಅವನಿಗೆ ಧ್ವನಿಗಳು ಕೇಳಿಸತೊಡಗಿದವು. ಮುಕಾದಮನೂ ಇನ್ನಿಬ್ಬರೂ ತನ್ನ ಮೇಲೆ ಏನೋ ಹೂಟ ಹೂಡುತ್ತಿದ್ದಾರೆ, ಮನೆಯ ಬಾಗಿಲು ಹಾಕಿದರೂ ಅವರ ಮಾತು ಕಿವಿಗೆ ಬೀಳುತ್ತದೆ ಎನ್ನುತ್ತಿದ್ದ. "ಅಣ್ಣಾ, ನಿನಗ ಕೇಳಸಂಗಿಲ್ಲೇನು?" ಎಂದು ನನ್ನ ಮುಖವನ್ನೇ ನೋಡುತ್ತಿದ್ದ. ಆಗ ಒಬ್ಬ ದಲಾಲಿ ಬಂದು, ದೂರದ ಪಟ್ಟಣದಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದರೆ ರೋಗ ಕೈಮೇಲಿನ ಗೆರೆಯ ಹಾಗೆ ಕಾಣುತ್ತದೆ ಎಂದು ನಂಬಿಸಿದ. ನಮ್ಮ ಅವ್ವ ಪಾಟ್ಲಿ ಒತ್ತೆಯಿಟ್ಟಳು. ಸ್ಕ್ಯಾನ್ ಆಯಿತು, ಫಿಲ್ಮ್ ಬಂತು. ಅದರ ಜೊತೆಗಿನ ಕಾಗದದಲ್ಲಿ 'ನಾರ್ಮಲ್' ಎಂದು ಬರೆದಿತ್ತು.

ನಾರ್ಮಲ್ ಎಂದರೆ ಏನೂ ಆಗಿಲ್ಲವೆಂದು ನಾನು ತಿಳಿದೆ. ಶಾಲೆಯಲ್ಲಿ ಹುಡುಗರನ್ನು ಗದರಿಸಿ ರೂಢಿಯಾದ ಬಾಯಿ. "ಫೋಟೋದಾಗೇ ಏನಿಲ್ಲಂತ ಬಂದದ, ಇನ್ನ ನಾಟಕ ಸಾಕ್ ಮಾಡು, ನಾಳೆ ಪಾಳಿಗಿ ಹೋಗು" ಎಂದೆ. ಅವನು ಎದುರು ಮಾತನಾಡದೆ ಪಾಳಿಗೆ ಹೋದ. ಮೂರನೆಯ ದಿನ ಮಿಲ್ಲಿನಿಂದ ಓಡಿಹೋದ. ನಾಲ್ಕು ದಿನ ಸಿಗಲಿಲ್ಲ. ಐದನೆಯ ದಿನ ದೂರದ ಒಂದು ರೈಲು ನಿಲ್ದಾಣದಲ್ಲಿ, ಕಾಲಲ್ಲಿ ಚಪ್ಪಲಿಯಿಲ್ಲದೆ, ನಲ್ಲಿಯ ಹತ್ತಿರ ಕುಳಿತವನು ಸಿಕ್ಕ. ಆ ಫಿಲ್ಮು ಸುಳ್ಳು ಹೇಳಿರಲಿಲ್ಲ. ಓದಲು ಬಾರದೆ ಓದಿದವನು ನಾನು. ಹೇಗೆ ಓದಬೇಕಿತ್ತು ಎಂಬುದನ್ನೇ ಈಗ ಹೇಳುತ್ತೇನೆ.

ಮಿದುಳು ನಮ್ಮ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಪಾಲನ್ನು ಅದೊಂದೇ ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ ಅದರೊಳಗೆ ಹರಿಯುತ್ತದೆ. ಮಿದುಳಿಗೆ ತನ್ನದೇ ಕಣಜವಿಲ್ಲ. ಅಂದಂದಿನ ದುಡಿಮೆ ಅಂದಂದಿಗೆ ಎಂಬಂತೆ ಬದುಕುವ ರೋಜಗಾರನ ಹಾಗೆ, ಅದಕ್ಕೆ ಕ್ಷಣಕ್ಷಣವೂ ರಕ್ತವೇ ಸಕ್ಕರೆಯನ್ನೂ ಆಮ್ಲಜನಕವನ್ನೂ ತಂದು ಕೊಡಬೇಕು. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನೊಳಗೆ ಮನುಷ್ಯ ಎಚ್ಚರ ತಪ್ಪುತ್ತಾನೆ.

ಇನ್ನೊಂದು ಸಂಗತಿ. ಮಿದುಳಿನಲ್ಲಿ ನೋಡುವುದಕ್ಕೆ ಒಂದು ಭಾಗ, ಕೇಳುವುದಕ್ಕೆ ಒಂದು, ಮಾತು ಕಟ್ಟುವುದಕ್ಕೆ ಒಂದು, ಕೈ ಆಡಿಸುವುದಕ್ಕೆ ಒಂದು, ಹೀಗೆ ಕೆಲಸ ಹಂಚಿಕೆಯಾಗಿದೆ. ಯಾವ ಭಾಗಕ್ಕೆ ಕೆಲಸ ಹೆಚ್ಚಿತೋ ಆ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ನಿಮಗೆ ತಿಳಿದ ಉದಾಹರಣೆ ಕೊಡುತ್ತೇನೆ. ಗಂಜಿನಲ್ಲಿ ಯಾವ ಅಡತಿಯ ಮುಂದೆ ಮಾಲಿನ ಗಾಡಿ ಬಂದು ನಿಲ್ಲುತ್ತದೋ ಅಲ್ಲಿಗೆ ಹಮಾಲರು ನಡೆಯುತ್ತಾರೆ. ಮಾಳಿಗೆಯ ಮೇಲೆ ನಿಂತು ನೋಡುವವನಿಗೆ ಚೀಲದೊಳಗಿನ ಕಾಳು ಕಾಣುವುದಿಲ್ಲ. ಆದರೆ ಹಮಾಲರು ನೆರೆದ ಕಡೆ ಕೆಲಸ ನಡೆದಿದೆ ಎಂದು ಅವನು ಹೇಳಬಲ್ಲ. ಮಿದುಳಿನ ರಕ್ತದ ಚಿತ್ರವೆಂದರೆ ಈ ಮಾಳಿಗೆಯ ಮೇಲಿನ ನೋಟ. ಈ ಉದಾಹರಣೆಯನ್ನು ಮರೆಯಬೇಡಿರಿ. ಇದರಲ್ಲಿಯೇ ಆ ವಿದ್ಯೆಯ ಬಲವೂ ಇದೆ, ಅದರ ಮಿತಿಯೂ ಇದೆ.

ಈ ನೋಟ ಮನುಷ್ಯನಿಗೆ ಒಂದೇ ದಿನದಲ್ಲಿ ಸಿಕ್ಕಿದ್ದಲ್ಲ. ಇಟಲಿಯ ತೂರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ ಎಂಬ ವಿಜ್ಞಾನಿ ಇದ್ದ. ಆತ ಒಬ್ಬ ಬಡಗಿಯ ಮಗ. ತಲೆಬುರುಡೆಗೆ ಪೆಟ್ಟು ಬಿದ್ದು ಎಲುಬು ಹೋಗಿದ್ದ ಒಬ್ಬ ರೈತನ ಮಿದುಳಿನ ಮಿಡಿತವನ್ನು ಆತ ಹೊರಗಿನಿಂದಲೇ ಅಳೆಯುತ್ತಿದ್ದ. ಒಂದು ದಿನ ಮಧ್ಯಾಹ್ನ ಇಗರ್ಜಿಯ ಗಂಟೆ ಬಾರಿಸಿತು. ರೈತ ಕೈಕಾಲು ಅಲುಗಿಸದೆ ಸುಮ್ಮನೆ ಕುಳಿತಿದ್ದರೂ ಅವನ ಮಿದುಳಿನ ಮಿಡಿತ ಏರಿತು. ಗಂಟೆ ಕೇಳಿ ಪ್ರಾರ್ಥನೆ ನೆನಪಾಯಿತೇ ಎಂದು ಕೇಳಿದರೆ, ಆ ಪ್ರಶ್ನೆಗೂ ಮಿಡಿತ ಏರಿತು. ಮನಸ್ಸಿನಲ್ಲಿ ಒಂದು ವಿಚಾರ ಬಂದರೆ ರಕ್ತ ಅದಕ್ಕೆ ಸಾಕ್ಷಿ ಹೇಳುತ್ತದೆ ಎಂಬುದು ಆಗ ಗೊತ್ತಾಯಿತು. ಆಮೇಲೆ 1880ರ ದಶಕದಲ್ಲಿ ಮೊಸ್ಸೊ ಒಂದು ದೊಡ್ಡ ಮರದ ತಕ್ಕಡಿಯನ್ನೇ ಮಾಡಿಸಿ, ಅದರ ಮೇಲೆ ಮನುಷ್ಯರನ್ನು ಮಲಗಿಸಿ, ವಿಚಾರ ಮಾಡುವಾಗ ತಲೆಯ ಕಡೆ ಭಾರವಾಗುತ್ತದೆಯೇ ಎಂದು ನೋಡಿದ. 1890ರಲ್ಲಿ ಇಂಗ್ಲೆಂಡಿನ ರಾಯ್ ಮತ್ತು ಶೆರಿಂಗ್ಟನ್ ಎಂಬಿಬ್ಬರು, ಮಿದುಳು ತನಗೆ ಬೇಕಾದಷ್ಟು ರಕ್ತವನ್ನು ತಾನೇ ತರಿಸಿಕೊಳ್ಳುತ್ತದೆ ಎಂದು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಬರೆದರು.

ಇನ್ನು ಮನಸ್ಸಿನ ರೋಗದ ಮಾತಿಗೆ ಬರೋಣ. ಇಲ್ಲದ ಧ್ವನಿ ಕೇಳಿಸುವುದು, ಇಲ್ಲದ ಸಂಶಯ ಹಿಡಿಯುವುದು, ಮಾತು ದಾರಿ ತಪ್ಪುವುದು, ಇವೆಲ್ಲ ಕೂಡಿದ ರೋಗಕ್ಕೆ ವೈದ್ಯರು ಸ್ಕಿಜೋಫ್ರೇನಿಯಾ ಎನ್ನುತ್ತಾರೆ. ಕನ್ನಡದಲ್ಲಿ ಇಚ್ಛಿತ್ತ ವಿಕಲತೆ ಎಂಬ ಹೆಸರಿದೆ. ಈ ರೋಗಿಗಳ ಮಿದುಳಿಗೆ ರಕ್ತ ಕಡಮೆ ಬೀಳುತ್ತದೋ ಏನೋ ಎಂದು ಬಹುಕಾಲ ಊಹೆಯಿತ್ತು. ಅಮೆರಿಕದ ಸೀಮೋರ್ ಕೆಟಿ ಮತ್ತು ಆತನ ಜೊತೆಗಾರರು 1948ರಲ್ಲಿ ಇದನ್ನು ಅಳೆದು ನೋಡಿದರು. ರೋಗಿಯ ಉಸಿರಿನಲ್ಲಿ ಸ್ವಲ್ಪ ನಗೆ ಅನಿಲ ಬೆರೆಸಿ, ಮಿದುಳಿಗೆ ಹೋಗುವ ರಕ್ತದಲ್ಲಿ ಅದೆಷ್ಟು, ಕುತ್ತಿಗೆಯ ನಾಳದಿಂದ ಹಿಂದಕ್ಕೆ ಬರುವ ರಕ್ತದಲ್ಲಿ ಎಷ್ಟು ಎಂದು ಲೆಕ್ಕ ಹಾಕಿದರು. ಬಂದ ಉತ್ತರವೇನು? ರೋಗಿಯ ಮಿದುಳಿಗೂ ಆರೋಗ್ಯವಂತನ ಮಿದುಳಿಗೂ ಹರಿಯುವ ಒಟ್ಟು ರಕ್ತದಲ್ಲಿ ವ್ಯತ್ಯಾಸವಿಲ್ಲ.

ಇಲ್ಲಿ ಕುಳಿತಿರುವ ಕಿರಾಣಿ ಅಂಗಡಿಯ ಬಂಧುಗಳಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ವರ್ಷದ ಕೊನೆಗೆ ಇಬ್ಬರ ಒಟ್ಟು ವ್ಯಾಪಾರ ಒಂದೇ ಇರಬಹುದು. ಆದರೆ ಒಬ್ಬನದು ಎಣ್ಣೆಯಲ್ಲಿ, ಇನ್ನೊಬ್ಬನದು ಬೇಳೆಯಲ್ಲಿ. ಒಟ್ಟು ಮೊತ್ತ ನೋಡಿದರೆ ಸಾಲದು, ಬಾಬುವಾರು ನೋಡಬೇಕು. ಹೀಗೆ ಬಾಬುವಾರು ನೋಡುವ ಉಪಾಯ ಮುಂದೆ ಬಂತು. ಸ್ವೀಡನ್ನಿನ ಇಂಗ್ವಾರ್ ಮತ್ತು ಫ್ರಾಂಜೆನ್ ಎಂಬವರು ವಿಕಿರಣ ಸೂಸುವ ಕ್ಸೆನಾನ್ ಅನಿಲವನ್ನು ರಕ್ತದಲ್ಲಿ ಬಿಟ್ಟು ಅದು ಎಲ್ಲೆಲ್ಲಿ ಹೋಗುತ್ತದೆಂದು ಎಣಿಸಿದರು. ಬಹಳ ವರ್ಷ ರೋಗದಲ್ಲಿದ್ದವರಲ್ಲಿ ಹಣೆಯ ಹಿಂದಿನ ಭಾಗಕ್ಕೆ, ಅಂದರೆ ಯೋಜನೆ ಹಾಕುವ, ಕೆಲಸಕ್ಕೆ ಕೈಹಚ್ಚಿಸುವ ಭಾಗಕ್ಕೆ, ರಕ್ತ ಬೇರೆಯವರಿಗಿಂತ ಕಡಮೆ ಹರಿಯುವುದನ್ನು 1974ರಲ್ಲಿ ಪ್ರಕಟಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಇದು ಎಲ್ಲ ರೋಗಿಗಳಲ್ಲಿಯೂ ಕಾಣಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

1990ರಲ್ಲಿ ಇನ್ನೊಂದು ಹೆಜ್ಜೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಜಪಾನಿನ ಸೇಯ್ಜಿ ಒಗಾವಾ ಒಂದು ಹಳೆಯ ಸಂಗತಿಯನ್ನು ಹೊಸದಾಗಿ ಬಳಸಿದರು. ರಕ್ತದ ಕೆಂಪಿನಲ್ಲಿ ಕಬ್ಬಿಣವಿದೆ. ಆಮ್ಲಜನಕ ಹೊತ್ತ ರಕ್ತ ಅಯಸ್ಕಾಂತದ ಮುಂದೆ ಒಂದು ರೀತಿ, ಅದನ್ನು ಇಳಿಸಿಬಿಟ್ಟ ರಕ್ತ ಇನ್ನೊಂದು ರೀತಿ ನಡೆದುಕೊಳ್ಳುತ್ತದೆ. ಭಾರಿ ಅಯಸ್ಕಾಂತದ ಯಂತ್ರದಲ್ಲಿ ತಲೆಯಿಟ್ಟರೆ ಈ ವ್ಯತ್ಯಾಸವನ್ನು ಚಿತ್ರವಾಗಿ ಹಿಡಿಯಬಹುದು. ಸೂಜಿಯಿಲ್ಲ, ವಿಕಿರಣವಿಲ್ಲ. 1992ರ ಹೊತ್ತಿಗೆ ಮನುಷ್ಯರ ಮೇಲೆ ಈ ಪರೀಕ್ಷೆ ನಡೆಯಿತು. ಇದಕ್ಕೇ ಈಗ ಫಂಕ್ಷನಲ್ ಎಂಆರ್‌ಐ ಎನ್ನುತ್ತಾರೆ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ತಿಳಿದುಕೊಳ್ಳಿರಿ. ಪಟ್ಟಣದ ಸ್ಕ್ಯಾನ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ತೆಗೆಯುವ ಸಿ.ಟಿ. ಮತ್ತು ಎಂಆರ್‌ಐ ಫಿಲ್ಮು ಬೇರೆ, ನಾನು ಹೇಳುತ್ತಿರುವ ರಕ್ತದ ಚಿತ್ರ ಬೇರೆ. ಆ ಫಿಲ್ಮು ಮಿದುಳಿನ ಆಕಾರ ತೋರಿಸುತ್ತದೆ: ಗಡ್ಡೆಯಿದೆಯೇ, ರಕ್ತ ಹೆಪ್ಪುಗಟ್ಟಿದೆಯೇ, ಪೆಟ್ಟಾಗಿದೆಯೇ. ಅಂದರೆ ಮಿಲ್ಲಿನ ಗೋಡೆ ಬಿರಿದಿದೆಯೇ ಎಂದು ನೋಡಿದ ಹಾಗೆ. ಗೋಡೆ ಗಟ್ಟಿಯಾಗಿದೆ ಎಂದ ಮಾತ್ರಕ್ಕೆ ಒಳಗಿನ ಯಂತ್ರ ಸರಿಯಾಗಿ ತಿರುಗುತ್ತಿದೆ ಎಂದು ಯಾವ ಕಾರ್ಮಿಕನೂ ಹೇಳಲಾರ. ನನ್ನ ತಮ್ಮನಿಗೆ ತೆಗೆಸಿದ್ದು ಈ ಗೋಡೆಯ ಫಿಲ್ಮು. ಅದು 'ನಾರ್ಮಲ್' ಎಂದದ್ದು ಗೋಡೆಯ ವಿಷಯವಾಗಿ. ನಾನು ಅದನ್ನು ಅವನ ಬೇನೆಯ ವಿಷಯವೆಂದು ಓದಿದೆ.

ಹಾಗಾದರೆ ಧ್ವನಿ ಕೇಳುವವನ ಮಿದುಳಿನ ರಕ್ತ ಏನು ಹೇಳುತ್ತದೆ? 1993ರಲ್ಲಿ ಲಂಡನ್ನಿನ ವೈದ್ಯರು ಧ್ವನಿ ಕೇಳಿಸುತ್ತಿದ್ದ ಹನ್ನೆರಡು ಮಂದಿ ಗಂಡಸರನ್ನು ಪರೀಕ್ಷಿಸಿದರು. ಧ್ವನಿ ಕೇಳುತ್ತಿರುವಾಗ ಒಮ್ಮೆ, ಧ್ವನಿಗಳು ಅಡಗಿದ ಮೇಲೆ ಇನ್ನೊಮ್ಮೆ ಚಿತ್ರ ತೆಗೆದರು. ಧ್ವನಿ ಕೇಳುವಾಗ ಬ್ರೋಕಾ ಎಂಬ ಭಾಗಕ್ಕೆ ರಕ್ತ ಹೆಚ್ಚು ಹರಿದಿತ್ತು. ಅದು ನಾವು ಮಾತು ಕಟ್ಟುವಾಗ ದುಡಿಯುವ ಭಾಗ. ಅಂದರೆ ರೋಗಿಯ ಮಿದುಳೇ ಒಳಗೆ ಮಾತು ಕಟ್ಟುತ್ತಿದೆ. ಅದು ತನ್ನದೆಂದು ಗುರುತು ಸಿಗದೆ ಹೊರಗಿನವರದೆಂದು ಕೇಳಿಸುತ್ತಿದೆ ಎಂಬ ವಿವರಣೆಗೆ ಇದರಿಂದ ಬಲ ಬಂತು.

ಬಂಧುಗಳೇ, ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ನಿನಗ ಕೇಳಸಂಗಿಲ್ಲೇನು" ಎಂದು ಅವನು ಕೇಳಿದಾಗ ನಾನು ನಕ್ಕಿದ್ದೆ. ಅವನು ನಾಟಕ ಮಾಡಿರಲಿಲ್ಲ. ಅವನ ಮಿದುಳಿನ ಅಡತಿಯ ಮುಂದೆ ಹಮಾಲರು ನಿಜವಾಗಿಯೂ ನೆರೆದಿದ್ದರು, ಚೀಲ ನಿಜವಾಗಿಯೂ ಇಳಿಯುತ್ತಿತ್ತು. ಇದು ದೆವ್ವವಲ್ಲ, ಮಾಟವಲ್ಲ, ಹಿಂದಿನ ಜನ್ಮದ ಪಾಪವಲ್ಲ, ಸೋಮಾರಿತನವೂ ಅಲ್ಲ. ಕಾಮಾಲೆಯಲ್ಲಿ ಪಿತ್ತಜನಕಾಂಗ ಕೆಟ್ಟಂತೆ, ದಮ್ಮಿನಲ್ಲಿ ಶ್ವಾಸಕೋಶ ಬಳಲಿದಂತೆ, ಇಲ್ಲಿ ಮಿದುಳಿನ ಕೆಲಸ ಅಡ್ಡದಾರಿ ಹಿಡಿದಿದೆ. ರಕ್ತದ ಚಿತ್ರ ಜಗತ್ತಿನ ಬಡವರಿಗೆ ಮಾಡಿದ ದೊಡ್ಡ ಉಪಕಾರವೆಂದರೆ ಈ ಸಾಕ್ಷ್ಯ.

ಇನ್ನೊಂದು ಸಾಕ್ಷ್ಯವೂ ಉಂಟು. ಕೈ ತೊಳೆದದ್ದನ್ನೇ ತೊಳೆಯುವ, ಬೀಗ ಹಾಕಿದ್ದನ್ನೇ ನೂರು ಸಲ ನೋಡುವ ಗೀಳು ರೋಗವಿದೆಯಲ್ಲ, ಅದರ ರೋಗಿಗಳಲ್ಲಿ ಕೆಲವರಿಗೆ ಗುಳಿಗೆ, ಕೆಲವರಿಗೆ ಗುಳಿಗೆಯಿಲ್ಲದೆ ಬರಿಯ ಅಭ್ಯಾಸ ತಿದ್ದುವ ಚಿಕಿತ್ಸೆ ಕೊಟ್ಟು, 1992ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ವೈದ್ಯರು ಮಿದುಳಿನ ಚಿತ್ರ ತೆಗೆದರು. ಅಲ್ಲಿ ಅಳೆದದ್ದು ರಕ್ತವನ್ನಲ್ಲ, ಮಿದುಳು ಸುಡುವ ಸಕ್ಕರೆಯನ್ನು. ಎರಡೂ ಜೊತೆಜೊತೆಯಾಗಿ ನಡೆಯುವವು. ಗುಣ ಕಂಡವರಲ್ಲಿ, ಗುಳಿಗೆಯಿಂದಾಗಲಿ ಅಭ್ಯಾಸದಿಂದಾಗಲಿ, ಮಿದುಳಿನ ಅದೇ ಭಾಗದಲ್ಲಿ ಬದಲಾವಣೆ ಕಾಣಿಸಿತು. ಹೇಳಿ ತಿದ್ದುವುದೂ ಔಷಧವೇ ಎಂಬುದನ್ನು ಇದರಿಂದ ತಿಳಿಯಬೇಕು. ಆದರೆ ನಾನು ಮಾಡಿದಂತೆ ಗದರಿಸುವುದು ಯಾವ ಔಷಧವೂ ಅಲ್ಲ.

ಈಗ ನಮ್ಮ ನಾಡಿನ ವಿಷಯ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಇವೆರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ನಮ್ಮ ರಾಜ್ಯದಲ್ಲಿ ಈ ರಕ್ತದ ಚಿತ್ರದ ಅಭ್ಯಾಸ ನಡೆಯುವ ದೊಡ್ಡ ಸ್ಥಳ ಅದೇ. ಅಲ್ಲಿನವರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪತ್ರಿಕೆಗಳಲ್ಲಿ ಹೆಸರಾಯಿತು. ಹನ್ನೆರಡು ಮಂದಿ ಆರೋಗ್ಯವಂತರನ್ನು ಯಂತ್ರದಲ್ಲಿ ಮಲಗಿಸಿ ಓಂ ಎಂದು ಹೇಳಿಸಿದರು. ಹೋಲಿಸಿ ನೋಡಲು 'ಸ್ಸ್' ಎಂದು ಉದ್ದವಾಗಿ ಹೇಳಿಸಿದರು. ಓಂ ಹೇಳುವಾಗ ಭಾವನೆಗೆ ಸಂಬಂಧಪಟ್ಟ ಭಾಗಗಳ ಕೆಲಸ ಇಳಿದದ್ದು ಕಂಡುಬಂತು. ಇದನ್ನು ಹಿಡಿದುಕೊಂಡು, ಮಂತ್ರದಿಂದ ಹುಚ್ಚು ಬಿಡುತ್ತದೆಂದು ನಿಮ್ಹಾನ್ಸ್ ಹೇಳಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅದು ರೋಗಿಗಳ ಮೇಲೆ ಮಾಡಿದ್ದಲ್ಲ. ಮುಂದಿನ ಅಭ್ಯಾಸಕ್ಕೆ ದಾರಿ ನೋಡಲು ಮಾಡಿದ ಚಿಕ್ಕ ಪ್ರಯೋಗವೆಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಅದೇ ಸಂಸ್ಥೆಯವರು, ಧ್ವನಿಗಳು ಗುಳಿಗೆಗೆ ಬಗ್ಗದ ರೋಗಿಗಳಿಗೆ ತಲೆಯ ಹೊರಗಿನಿಂದ ಬಹಳ ಸೌಮ್ಯವಾದ ವಿದ್ಯುತ್ ಹಾಯಿಸಿ ಧ್ವನಿ ತಗ್ಗಿಸುವ ಪ್ರಯೋಗಗಳನ್ನೂ ಮಾಡಿದ್ದಾರೆ. ತಲೆಯ ಯಾವ ಜಾಗದಲ್ಲಿ ಹಾಯಿಸಬೇಕೆಂಬ ತಿಳಿವಳಿಕೆಗೆ ಇಂತಹ ಚಿತ್ರಗಳ ನೆರವಿದೆ.

ಇಷ್ಟೆಲ್ಲ ಇದ್ದಮೇಲೆ ಆ ತಾಯಿ ಎಮ್ಮೆ ಮಾರಿ ಮಗನ ಚಿತ್ರ ತೆಗೆಸಬಾರದೇಕೆ?

ಮೊದಲನೆಯ ಕಾರಣ. ನಾನು ಹೇಳಿದ ಫಲಿತಾಂಶಗಳೆಲ್ಲ ಗುಂಪಿನ ಸರಾಸರಿ. ಹತ್ತಿಪ್ಪತ್ತು ರೋಗಿಗಳನ್ನು ಒಂದು ಕಡೆ, ಅಷ್ಟೇ ಆರೋಗ್ಯವಂತರನ್ನು ಇನ್ನೊಂದು ಕಡೆ ಇಟ್ಟು ತೂಗಿದಾಗ ವ್ಯತ್ಯಾಸ ಕಾಣುತ್ತದೆ. ಆದರೆ ಒಬ್ಬೊಬ್ಬರನ್ನೇ ತೆಗೆದು ನೋಡಿದರೆ ಒಂದರೊಳಗೊಂದು ಬೆರೆತುಹೋಗುತ್ತವೆ. ಬೀದರಿನ ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ. ಅಂದಮಾತ್ರಕ್ಕೆ ಎತ್ತರವೊಂದನ್ನೇ ಹೇಳಿದರೆ ಅದು ಗಂಡೋ ಹೆಣ್ಣೋ ಎಂದು ಹೇಳಬಲ್ಲಿರಾ? ಅಮೆರಿಕದ ಮನೋವೈದ್ಯರ ಸಂಘದ ತಜ್ಞರು ಇದುವರೆಗಿನ ಅಭ್ಯಾಸಗಳನ್ನೆಲ್ಲ ಪರಿಶೀಲಿಸಿ, ಒಬ್ಬ ರೋಗಿಗೆ ಯಾವ ಮನೋರೋಗವೆಂದು ಚಿತ್ರ ನೋಡಿ ನಿರ್ಧರಿಸುವ ಕಾಲ ಇನ್ನೂ ಬಂದಿಲ್ಲವೆಂದು 2018ರಲ್ಲಿ ಬರೆದರು.

ಎರಡನೆಯ ಕಾರಣ. ಮಾಳಿಗೆಯ ಮೇಲಿನವನಿಗೆ ಹಮಾಲರು ಕಾಣುತ್ತಾರೆ, ಕಾಳು ಕಾಣುವುದಿಲ್ಲ. ಒಂದೇ ಭಾಗಕ್ಕೆ ರಕ್ತ ಹೆಚ್ಚುವುದಕ್ಕೆ ಭಯ ಕಾರಣವಾಗಬಹುದು, ನೋವು ಆಗಬಹುದು, ಯಂತ್ರದ ಗಡಗಡ ಸದ್ದೂ ಆಗಬಹುದು. ಕುಡಿದ ಚಹಾ, ಸೇದಿದ ಬೀಡಿ, ನುಂಗಿದ ಗುಳಿಗೆ, ಇವೂ ಮಿದುಳಿನ ರಕ್ತವನ್ನು ಹೆಚ್ಚುಕಡಮೆ ಮಾಡುತ್ತವೆ. ತಲೆ ತುಸು ಅಲುಗಿದರೂ ಚಿತ್ರ ಕೆಡುತ್ತದೆ.

ಮೂರನೆಯದು ಲೆಕ್ಕದ ಮಾತು. ಚಿತ್ರದಲ್ಲಿ ಕಾಣುವ ಕೆಂಪು, ಹಳದಿ ಬಣ್ಣಗಳು ಮಿದುಳಿನಲ್ಲಿರುವ ಬಣ್ಣಗಳಲ್ಲ. ಲೆಕ್ಕ ಹಾಕಿ ಬಳಿದವು. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೆಲವು ವಿಜ್ಞಾನಿಗಳು 2009ರಲ್ಲಿ ಒಂದು ಸತ್ತ ಮೀನನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋಗಳನ್ನು ತೋರಿಸಿ, ಚಿತ್ರ ತೆಗೆದರು. ಬೇಕಾದ ತಿದ್ದುಪಡಿ ಮಾಡದೆ ಲೆಕ್ಕ ಹಾಕಿದಾಗ ಸತ್ತ ಮೀನಿನ ಮಿದುಳೂ ವಿಚಾರ ಮಾಡುತ್ತಿದೆ ಎಂದು ಚಿತ್ರ ತೋರಿಸಿತು! ತಿದ್ದುಪಡಿ ಮಾಡಿದ ಕೂಡಲೇ ಅದು ಮಾಯವಾಯಿತು. ಅವರು ಯಂತ್ರವನ್ನು ಹೀಗಳೆಯಲು ಇದನ್ನು ಮಾಡಲಿಲ್ಲ; ತಕ್ಕಡಿ ಹಿಡಿದವನ ಕೈ ಶುದ್ಧವಾಗಿರಬೇಕೆಂದು ತಮ್ಮವರನ್ನೇ ಎಚ್ಚರಿಸಲು ಮಾಡಿದರು. ವಿಜ್ಞಾನಕ್ಕೂ ದಲಾಲಿತನಕ್ಕೂ ಇರುವ ಭೇದ ಇದೇ. ವಿಜ್ಞಾನಿ ತನ್ನ ತಕ್ಕಡಿಯನ್ನು ತಾನೇ ಪರೀಕ್ಷಿಸುತ್ತಾನೆ. ದಲಾಲಿ ನಿಮ್ಮ ಎಮ್ಮೆಯನ್ನು ತೂಗುತ್ತಾನೆ.

ಸ್ಕ್ಯಾನ್ ಎಂದರೆ ಓಡಿಹೋಗಿರೆಂದು ನಾನು ಹೇಳುತ್ತಿಲ್ಲ. ಫಿಟ್ಸ್ ಬರುವುದು, ತಲೆಗೆ ಪೆಟ್ಟು ಬಿದ್ದಿರುವುದು, ಒಮ್ಮೆಲೇ ಕೈಕಾಲು ಬೀಳುವುದು, ಜ್ವರದ ಜೊತೆ ಮಾತು ತಪ್ಪುವುದು, ಇಳಿವಯಸ್ಸಿನಲ್ಲಿ ಮೊದಲ ಸಲ ಹೀಗಾಗುವುದು, ಇಂತಹ ಗುರುತು ಕಂಡರೆ ವೈದ್ಯರೇ ಫಿಲ್ಮು ತೆಗೆಸಲು ಬರೆದುಕೊಡುತ್ತಾರೆ. ಆಗ ತಪ್ಪದೆ ತೆಗೆಸಬೇಕು. ಆದರೆ ಅದನ್ನು ವೈದ್ಯರು ಹೇಳಬೇಕು, ದಲಾಲಿಯಲ್ಲ. ವೈದ್ಯರು ಹೇಳಿದಾಗಲೂ "ಇದರಲ್ಲಿ ಏನು ಹುಡುಕುತ್ತೀರಿ? ಅದು ಸಿಗದಿದ್ದರೆ ಮುಂದೇನು ಮಾಡುತ್ತೀರಿ?" ಎಂದು ಕೇಳಲು ಹೆದರಬಾರದು.

ನನ್ನ ತಮ್ಮನ ಉಳಿದ ಕಥೆ ಇಷ್ಟು. ರೈಲು ನಿಲ್ದಾಣದಿಂದ ಕರೆತಂದ ಮೇಲೆ ಅವನನ್ನು ಒಂದು ಸರಕಾರಿ ದವಾಖಾನೆಗೆ ಒಯ್ದೆ. ಅಲ್ಲಿನ ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಮಾಸ್ತರೇ, ಇದರಾಗ ಗಡ್ಡಿ ಇಲ್ಲಂತ ಬರದದ. ಬ್ಯಾನಿ ಇಲ್ಲಂತ ಬರದಿಲ್ಲ" ಎಂದರು. ಆಮೇಲೆ ಅರ್ಧ ಗಂಟೆ ಅವನ ಹತ್ತಿರ ಕುಳಿತು ಮಾತನಾಡಿಸಿದರು, ನಮ್ಮ ಅವ್ವನನ್ನು ಕೇಳಿದರು, ನನ್ನನ್ನು ಕೇಳಿದರು. ರೋಗ ಯಾವುದೆಂದು ಆ ಅರ್ಧ ಗಂಟೆಯ ಮಾತಿನಲ್ಲಿ ಗೊತ್ತಾಯಿತು. ಗುಳಿಗೆ ಕೊಟ್ಟರು. ಮೂರು ನಾಲ್ಕು ವಾರದಲ್ಲಿ ಧ್ವನಿ ದೂರವಾಯಿತು. ಒಮ್ಮೆ ಗುಣವಾಯಿತೆಂದು ನಾವೇ ಗುಳಿಗೆ ಬಿಡಿಸಿದಾಗ ಮತ್ತೆ ಮರುಕಳಿಸಿತು. ಆ ತಪ್ಪನ್ನು ನೀವು ಮಾಡಬೇಡಿರಿ. ಈಗ ಅವನು ಹಗಲು ಪಾಳಿಯಲ್ಲಿ ದುಡಿಯುತ್ತಾನೆ. ಪೂರ್ತಿ ಮೊದಲಿನಂತಾಗಿದ್ದಾನೆ ಎಂದು ಹೇಳಲಾರೆ. ಆದರೆ ಪಗಾರ ತಂದು ಅವ್ವನ ಕೈಯಲ್ಲಿ ಕೊಡುತ್ತಾನೆ. ಪಾಟ್ಲಿ ಮಾತ್ರ ಹಿಂದಕ್ಕೆ ಬರಲಿಲ್ಲ.

ಯಂತ್ರವಿಲ್ಲದೆ ಇಷ್ಟು ಸಾಧ್ಯವೆಂಬುದನ್ನು ನಮ್ಮ ಕರ್ನಾಟಕವೇ ದೇಶಕ್ಕೆ ತೋರಿಸಿಕೊಟ್ಟಿದೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಸ್ವಲ್ಪ ಕಾಲ ತರಬೇತಿ ಕೊಟ್ಟು, ಕೆಲವೇ ಬಗೆಯ ಗುಳಿಗೆಗಳನ್ನು ಒದಗಿಸಿ, ಹಳ್ಳಿಯ ರೋಗಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ಸಿದ್ಧಪಡಿಸಿದರು. ಆ ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆದರೂ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಏನು ಹೇಳಿತು? ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ; ಬೇರೆ ಬೇರೆ ರೋಗಗಳಲ್ಲಿ ನೂರಕ್ಕೆ ಎಪ್ಪತ್ತರಿಂದ ತೊಂಬತ್ತೆರಡು ಮಂದಿಗೆ ಚಿಕಿತ್ಸೆಯೇ ಮುಟ್ಟಿಲ್ಲ. ಮಿದುಳಿನ ಚಿತ್ರ ಸಿಗದೆ ಉಳಿದವರಲ್ಲ ಇವರು. ಗುಳಿಗೆ ಸಿಗದೆ, ಬಸ್ಸಿನ ಖರ್ಚು ಸಿಗದೆ, ಒಂದು ದಿನದ ರಜೆ ಸಿಗದೆ ಉಳಿದವರು.

ಅವರಲ್ಲಿ ಕೆಲವರ ಗತಿ ಏನಾಯಿತೆಂಬುದು ನೆನಪಿರಲಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯದ ಜೋಪಡಿಗೆ ಬೆಂಕಿ ಬಿತ್ತು. ಒಳಗಿದ್ದ ರೋಗಿಗಳ ಕಾಲಿಗೆ ಸರಪಳಿಯಿತ್ತು. ಓಡಲಾರದೆ 28 ಮಂದಿ ಪ್ರಾಣ ಬಿಟ್ಟರು. ಇಂದು ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಗೆ ಯಾವ ರೂಪದಲ್ಲಿಯೂ ಸರಪಳಿ ಹಾಕಕೂಡದು. ಸರಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕು. ಬಡತನ ರೇಖೆಯ ಕೆಳಗಿನವರಿಗೆ ಅದು ಉಚಿತ. ಸಣ್ಣ ವ್ಯಾಪಾರಿಗಳು ಕೇಳಿರಿ: ವಿಮಾ ಕಂಪನಿಗಳು ದೇಹದ ರೋಗಕ್ಕೆ ಕೊಡುವಂತೆ ಮನಸ್ಸಿನ ರೋಗಕ್ಕೂ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಆದುದರಿಂದ ಮಾಡತಕ್ಕದ್ದು ಇಷ್ಟು. ನಮ್ಮ ರಾಜ್ಯದಲ್ಲಿ 2014ರಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಆರಂಭವಾಯಿತು. ತಾಲೂಕು ಆಸ್ಪತ್ರೆಗೆ ಗೊತ್ತುಮಾಡಿದ ಮಂಗಳವಾರ ಮನೋವೈದ್ಯರು ಬರತಕ್ಕದ್ದು ಎಂಬುದು ಅದರ ಏರ್ಪಾಡು. ಔರಾದಿನ ಆಸ್ಪತ್ರೆಗೆ ಹೋಗಿ, ಯಾವ ಮಂಗಳವಾರ ಎಂದು ಕೇಳಿರಿ. ಬೀದರಿನ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ, ಬ್ರಿಮ್ಸ್, ಇದೆ. ಹೋಗುವ ಮೊದಲು ಫೋನಿನಲ್ಲಿ ಕೇಳಬೇಕೆಂದರೆ 14416 ಎಂಬ ಟೆಲಿ-ಮಾನಸ್ ಸಂಖ್ಯೆ 2022ರ ಅಕ್ಟೋಬರಿನಲ್ಲಿ ಆರಂಭವಾಗಿದೆ; ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮಿಲ್ಲಿನಲ್ಲಿ ಜೊತೆಗಾರನೊಬ್ಬ ಮಾತು ಬಿಟ್ಟರೆ, ಸಂಶಯ ಹಿಡಿದರೆ, ಅವನನ್ನು ನಗೆಗೆ ಈಡುಮಾಡಬೇಡಿರಿ. ಆ ಮಂಗಳವಾರ ಅವನ ಪಾಳಿಯನ್ನು ಒಬ್ಬರು ಹೊತ್ತುಕೊಳ್ಳಿರಿ, ಇನ್ನೊಬ್ಬರು ಜೊತೆಗೆ ಹೋಗಿರಿ. ನಾವು ಸರಕಾರದ ಮುಂದೆ ಇಡಬೇಕಾದ ಬೇಡಿಕೆಯೂ ಇಷ್ಟೇ: ಆ ಮಂಗಳವಾರ ತಪ್ಪಬಾರದು, ಗುಳಿಗೆಯ ದಾಸ್ತಾನು ಬರಿದಾಗಬಾರದು, ದವಾಖಾನೆಗೆ ಹೋದ ದಿನದ ಪಗಾರ ಕಡಿಯಬಾರದು. ದೊಡ್ಡ ಯಂತ್ರ ಬೆಂಗಳೂರಿನಲ್ಲಿರಲಿ. ವಿಜ್ಞಾನಿಗಳು ಅಭ್ಯಾಸ ಮಾಡಲಿ, ನಾಳೆ ಅದರಿಂದ ಇನ್ನೂ ಒಳ್ಳೆಯ ಔಷಧ ಬರಲಿ. ಅಂತಹ ಅಭ್ಯಾಸಕ್ಕೆ ರೋಗಿಯಿಂದ ಹಣ ಕೇಳುವವನು ಯಾರೇ ಇರಲಿ, ಎರಡು ಸಲ ವಿಚಾರಿಸಿರಿ.

ಆ ತಾಯಿ ಅಲ್ಲಿ ಬೇವಿನ ಗಿಡದ ಹತ್ತಿರ ಕುಳಿತಿದ್ದಾಳೆ, ಬಂದಾಗಲೇ ನೋಡಿದೆ. ಅವ್ವಾ, ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಿನ್ನ ಮಗನ ಬೇನೆ ಖರೆ. ಅದು ಅವನ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ. ಮಿದುಳಿನ ಚಿತ್ರ ತೆಗೆದವರು ಅದಕ್ಕೆ ಸಾಕ್ಷಿ ಕೊಟ್ಟಿದ್ದಾರೆ. ಆದರೆ ಅವನಿಗೆ ಯಾವ ಬೇನೆ ಎಂದು ಆ ಚಿತ್ರ ಇನ್ನೂ ಹೇಳಲಾರದು. ಅವನ ಹತ್ತಿರ ಕುಳಿತು ಮಾತನಾಡಿಸುವ ವೈದ್ಯರು ಹೇಳಬಲ್ಲರು. ಎಮ್ಮೆ ಮಾರಬೇಡ. ಅದರ ಹಾಲು ಮಗನಿಗೆ ಕುಡಿಸು. ಮಂಗಳವಾರ ಔರಾದಿಗೆ ಹೋಗೋಣ, ನಾನೂ ಬರುತ್ತೇನೆ.